ಮೇರಿ ಕ್ಯೂರಿ ದೇಹದಿಂದ ಇನ್ನೂ 1500 ವರ್ಷ ವಿಕಿರಣ ಬರುತ್ತದೆಯೇ? ಫಾರ್ವರ್ಡ್ ಹೇಳದ ಕಥೆ ಇಲ್ಲಿದೆ

ಈ ಸಂದೇಶ ನಿಮ್ಮ ಫ್ಯಾಮಿಲಿ ಗ್ರೂಪಿಗೂ ಒಮ್ಮೆಯಾದರೂ ಬಂದಿರುತ್ತದೆ. ಮೇರಿ ಕ್ಯೂರಿ ಅವರ ಕಪ್ಪು ಬಿಳುಪು ಫೋಟೊ, ಕೆಳಗೆ ನಾಲ್ಕು ಸಾಲು. ಅವರ ದೇಹದಿಂದ ಈಗಲೂ ಅಪಾಯಕಾರಿ ವಿಕಿರಣ ಹೊರಡುತ್ತಿದೆ, ಅದಕ್ಕೇ ಸೀಸದ ಪೆಟ್ಟಿಗೆಯಲ್ಲಿ ಹೂಳಿದ್ದಾರೆ, ಇನ್ನು 1500 ವರ್ಷ ಯಾರೂ ಹತ್ತಿರ ಹೋಗುವಂತಿಲ್ಲ, ರೇಡಿಯಂನಿಂದ ಕ್ಯಾನ್ಸರ್ ಬಂದು ಸತ್ತರು ಎನ್ನುತ್ತದೆ ಆ ಸಂದೇಶ. ಇದು ನಿಜವೇ ಎಂದು ನಮ್ಮ ಓದುಗರು ಮತ್ತೆ ಮತ್ತೆ ಕೇಳುತ್ತಾರೆ.

ಚಿಕ್ಕ ಉತ್ತರ: ಸ್ವಲ್ಪ ನಿಜ, ಬಹುಪಾಲು ಉತ್ಪ್ರೇಕ್ಷೆ. ದೊಡ್ಡ ಉತ್ತರಕ್ಕೆ ಅವರ ಬದುಕನ್ನೇ ಒಮ್ಮೆ ನೋಡಬೇಕು. ವಿಕಿರಣಕ್ಕೆ ಮೈಯೊಡ್ಡಿದವರನ್ನು ಯಾರು ತಪಾಸಣೆ ಮಾಡಬೇಕು, ಅದರ ಖರ್ಚು ಯಾರು ಕೊಡಬೇಕು ಎಂಬ ಪ್ರಶ್ನೆ ಅವರ ಕಾಲದಲ್ಲೇ ಹುಟ್ಟಿತು. ಇಂದಿಗೂ ಅದು ಮುಗಿದಿಲ್ಲ.

ವಾರ್ಸಾದ ಹುಡುಗಿ

ಮರಿಯಾ ಸ್ಕ್ಲೊಡೊವ್‌ಸ್ಕಾ ಹುಟ್ಟಿದ್ದು 1867ರ ನವೆಂಬರ್ 7ರಂದು, ಪೋಲೆಂಡಿನ ವಾರ್ಸಾದಲ್ಲಿ. ಆಗ ಆ ಊರು ರಷ್ಯಾದ ಚಕ್ರವರ್ತಿಯ ಆಳ್ವಿಕೆಯಲ್ಲಿತ್ತು. ತಂದೆ ಗಣಿತ ಮತ್ತು ಭೌತಶಾಸ್ತ್ರದ ಮೇಷ್ಟ್ರು. ಅಕ್ಕ ಒಬ್ಬಳು ಟೈಫಸ್ ಜ್ವರಕ್ಕೆ ತೀರಿಕೊಂಡಳು, ಅಮ್ಮ ಕ್ಷಯಕ್ಕೆ ತೀರಿಕೊಂಡಾಗ ಮರಿಯಾಗೆ ಹತ್ತು ವರ್ಷ.

ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಹೆಣ್ಣುಮಕ್ಕಳಿಗೆ ಪ್ರವೇಶವಿರಲಿಲ್ಲ. ಅಕ್ಕ ಬ್ರೋನ್ಯಾ ಜೊತೆ ಮರಿಯಾ ಒಂದು ಒಪ್ಪಂದ ಮಾಡಿಕೊಂಡರು. ಮೊದಲು ಅಕ್ಕ ಪ್ಯಾರಿಸ್‌ಗೆ ಹೋಗಿ ವೈದ್ಯಕೀಯ ಓದುವುದು, ತಂಗಿ ಶ್ರೀಮಂತರ ಮನೆಯ ಮಕ್ಕಳಿಗೆ ಪಾಠ ಹೇಳಿ ದುಡ್ಡು ಕಳಿಸುವುದು, ಆಮೇಲೆ ತಂಗಿಯ ಸರದಿ. ಆ ಸರದಿ ಬಂದದ್ದು 1891ರಲ್ಲಿ. ಪ್ಯಾರಿಸ್‌ನಲ್ಲಿ ಅವರು ಮೇರಿ ಆದರು. 1893ರಲ್ಲಿ ಭೌತಶಾಸ್ತ್ರದ ಪದವಿಯಲ್ಲಿ ಮೊದಲ ಸ್ಥಾನ, 1894ರಲ್ಲಿ ಗಣಿತದಲ್ಲಿ ಎರಡನೇ ಸ್ಥಾನ ಪಡೆದರು. 1895ರಲ್ಲಿ ವಿಜ್ಞಾನಿ ಪಿಯರ್ ಕ್ಯೂರಿ ಅವರನ್ನು ಮದುವೆಯಾದರು.

ಗಣಿಯ ಕಸದಲ್ಲಿ ಸಿಕ್ಕ ಬೆಳಕು

ಯುರೇನಿಯಂ ತನ್ನಷ್ಟಕ್ಕೆ ತಾನೇ ಕಿರಣಗಳನ್ನು ಸೂಸುತ್ತದೆ ಎಂದು 1896ರಲ್ಲಿ ಹೆನ್ರಿ ಬೆಕೆರಲ್ ಕಂಡುಹಿಡಿದರು. ಮೇರಿ ಅದನ್ನೇ ತಮ್ಮ ಸಂಶೋಧನೆಯ ವಿಷಯ ಮಾಡಿಕೊಂಡರು. ಯುರೇನಿಯಂ ಅದಿರಾದ ಪಿಚ್‌ಬ್ಲೆಂಡ್ ಅಳೆದಾಗ ಒಂದು ವಿಚಿತ್ರ ಕಂಡಿತು. ಅದರಲ್ಲಿರುವ ಯುರೇನಿಯಂನಿಂದ ಬರಬೇಕಾದುದಕ್ಕಿಂತ ಹೆಚ್ಚು ಕಿರಣ ಬರುತ್ತಿತ್ತು. ಅಂದರೆ ಒಳಗೆ ಇನ್ನೇನೋ ಇದೆ. 1898ರ ಜುಲೈನಲ್ಲಿ ಪೊಲೋನಿಯಂ, ಡಿಸೆಂಬರ್‌ನಲ್ಲಿ ರೇಡಿಯಂ ಎಂಬ ಎರಡು ಹೊಸ ಮೂಲವಸ್ತುಗಳನ್ನು ದಂಪತಿ ಘೋಷಿಸಿದರು. ವಿಕಿರಣಶೀಲತೆ ಎಂದು ನಾವು ಇಂದು ಕರೆಯುವ ಗುಣಕ್ಕೆ ಹೆಸರಿಟ್ಟವರೂ ಅವರೇ.

ಹೆಸರಿಟ್ಟರೆ ಸಾಲದು, ವಸ್ತುವನ್ನು ಬೇರ್ಪಡಿಸಿ ತೋರಿಸಬೇಕಿತ್ತು. ಬೊಹೀಮಿಯಾದ ಯೊಆಖಿಮ್ಸ್‌ತಾಲ್ ಎಂಬ ಗಣಿ ಊರಿನಲ್ಲಿ (ಇಂದಿನ ಚೆಕ್ ಗಣರಾಜ್ಯದ ಯಾಖಿಮೊವ್) ಗಾಜಿಗೆ ಬಣ್ಣ ಹಾಕಲು ಯುರೇನಿಯಂ ತೆಗೆದು ಉಳಿದ ಕಸವನ್ನು ಕಾಡಿನಲ್ಲಿ ಸುರಿಯುತ್ತಿದ್ದರು. ಮೇರಿಗೆ ಬೇಕಾದದ್ದು ಆ ಕಸವೇ. ಮೂಟೆಗಟ್ಟಲೆ ಪ್ಯಾರಿಸ್‌ಗೆ ತರಿಸಿ, ಸೋರುವ ಮಾಡಿನ ಒಂದು ಶೆಡ್ಡಿನಲ್ಲಿ ಕುದಿಸಿ, ಕಬ್ಬಿಣದ ಸಲಾಕೆಯಿಂದ ಕಲಕುತ್ತ ಕೆಲಸ ಮಾಡಿದರು. ಹಲವು ಟನ್ ಕಸದಿಂದ 1902ರ ಹೊತ್ತಿಗೆ ಸಿಕ್ಕಿದ್ದು 0.1 ಗ್ರಾಂ ರೇಡಿಯಂ ಕ್ಲೋರೈಡ್. ರಾತ್ರಿ ಆ ಶೆಡ್ಡಿಗೆ ಹೋದರೆ ಸೀಸೆಗಳು ಕತ್ತಲಲ್ಲಿ ಮಿನುಗುತ್ತಿದ್ದವು. ಅದನ್ನು ನೋಡುವುದು ಇಬ್ಬರಿಗೂ ಖುಷಿಯ ವಿಷಯವಾಗಿತ್ತು.

1903ರಲ್ಲಿ ಬೆಕೆರಲ್ ಜೊತೆ ದಂಪತಿಗೆ ಭೌತಶಾಸ್ತ್ರದ ನೊಬೆಲ್ ಬಂತು. 1906ರ ಏಪ್ರಿಲ್‌ನಲ್ಲಿ ಪಿಯರ್ ಪ್ಯಾರಿಸ್‌ನ ರಸ್ತೆಯಲ್ಲಿ ಕುದುರೆಗಾಡಿಯ ಚಕ್ರಕ್ಕೆ ಸಿಕ್ಕಿ ಸತ್ತರು. ಇಬ್ಬರು ಪುಟ್ಟ ಹೆಣ್ಣುಮಕ್ಕಳ ತಾಯಿ ಮೇರಿ, ಗಂಡನ ಜಾಗದಲ್ಲಿ ಪಾಠ ಮಾಡಲು ನಿಂತು ಸೊರ್ಬಾನ್ ವಿಶ್ವವಿದ್ಯಾಲಯದ ಮೊದಲ ಮಹಿಳಾ ಪ್ರಾಧ್ಯಾಪಕಿಯಾದರು. 1911ರಲ್ಲಿ ರಸಾಯನಶಾಸ್ತ್ರದ ನೊಬೆಲ್ ಕೂಡ ಬಂತು.

ಅಪಾಯ ಗೊತ್ತೇ ಇರಲಿಲ್ಲವೇ?

ಗೊತ್ತೇ ಇರಲಿಲ್ಲ ಎಂದು ಕೆಲವು ಫಾರ್ವರ್ಡ್‌ಗಳು ಹೇಳುತ್ತವೆ. ಅದು ಪೂರ್ತಿ ಸರಿಯಲ್ಲ. ಬೆಕೆರಲ್ ರೇಡಿಯಂ ಸೀಸೆಯನ್ನು ಕೋಟಿನ ಜೇಬಿನಲ್ಲಿಟ್ಟುಕೊಂಡು ಓಡಾಡಿ ಚರ್ಮ ಸುಟ್ಟುಕೊಂಡಿದ್ದರು. ಪಿಯರ್ ಬೇಕೆಂದೇ ತೋಳಿಗೆ ರೇಡಿಯಂ ಕಟ್ಟಿಕೊಂಡು, ಆದ ಗಾಯ ಹೇಗೆ ಮಾಯುತ್ತದೆ ಎಂದು ದಾಖಲಿಸಿದ್ದರು. ಚರ್ಮವನ್ನು ಸುಡುವ ವಸ್ತು ಕ್ಯಾನ್ಸರ್ ಗಡ್ಡೆಯನ್ನೂ ಸುಡಬಹುದು ಎಂಬ ಯೋಚನೆಯಿಂದಲೇ ರೇಡಿಯಂ ಚಿಕಿತ್ಸೆ ಹುಟ್ಟಿತು. ಚರ್ಮ ಸುಡುತ್ತದೆ ಎಂಬುದು ಗೊತ್ತಿತ್ತು. ವರ್ಷಗಟ್ಟಲೆ ಸ್ವಲ್ಪಸ್ವಲ್ಪವೇ ಬಿದ್ದ ಕಿರಣ ಮೂಳೆಯ ಮಜ್ಜೆಯನ್ನು ಹಾಳುಮಾಡುತ್ತದೆ, ಹತ್ತಿಪ್ಪತ್ತು ವರ್ಷದ ನಂತರ ಕಾಯಿಲೆಯಾಗಿ ಬರುತ್ತದೆ ಎಂಬುದು ಗೊತ್ತಿರಲಿಲ್ಲ.

ಮೊದಲ ಮಹಾಯುದ್ಧದಲ್ಲಿ ಮೇರಿ ಇನ್ನೂ ಹೆಚ್ಚು ಕಿರಣಕ್ಕೆ ಒಡ್ಡಿಕೊಂಡರು. ಗಾಯಾಳು ಸೈನಿಕರ ಮೈಯಲ್ಲಿ ಗುಂಡು ಎಲ್ಲಿದೆ ಎಂದು ನೋಡಲು ಸುಮಾರು 20 ಸಂಚಾರಿ ಎಕ್ಸ್-ರೇ ವಾಹನಗಳನ್ನು ಸಿದ್ಧಪಡಿಸಿದರು, 200 ಎಕ್ಸ್-ರೇ ಕೋಣೆಗಳನ್ನು ಸ್ಥಾಪಿಸಿದರು, ಯಂತ್ರ ನಡೆಸಲು ಸುಮಾರು 150 ಮಹಿಳೆಯರಿಗೆ ತರಬೇತಿ ಕೊಟ್ಟರು. ಹದಿಹರೆಯದ ಮಗಳು ಐರೀನ್ ಕೂಡ ಜೊತೆಗಿದ್ದಳು. ಈ ವ್ಯವಸ್ಥೆಯಿಂದ ಹತ್ತು ಲಕ್ಷಕ್ಕೂ ಹೆಚ್ಚು ಸೈನಿಕರ ಪರೀಕ್ಷೆ ನಡೆಯಿತು ಎಂಬ ಅಂದಾಜಿದೆ. ಆದರೆ ಯಂತ್ರದ ಪಕ್ಕ ದಿನವಿಡೀ ನಿಂತವರಿಗೆ ರಕ್ಷಣೆ ತೀರಾ ಕಡಿಮೆಯಿತ್ತು.

ರೇಡಿಯಂಗೆ ದುಡ್ಡಿತ್ತು, ತಪಾಸಣೆಗೆ ಇರಲಿಲ್ಲ

ರೇಡಿಯಂ ತೆಗೆಯುವ ವಿಧಾನಕ್ಕೆ ಕ್ಯೂರಿ ದಂಪತಿ ಪೇಟೆಂಟ್ ಪಡೆಯಲಿಲ್ಲ. ಯುದ್ಧ ಮುಗಿಯುವ ಹೊತ್ತಿಗೆ ಒಂದು ಗ್ರಾಂ ರೇಡಿಯಂ ಬೆಲೆ 1,00,000 ಡಾಲರ್ ಆಗಿತ್ತು. ಕಂಡುಹಿಡಿದವರಿಗೇ ಕೊಳ್ಳುವ ಶಕ್ತಿಯಿರಲಿಲ್ಲ. ಅಮೆರಿಕದ ಮಹಿಳೆಯರು ಚಂದಾ ಎತ್ತಿ ಒಂದು ಗ್ರಾಂ ಕೊಂಡರು. 1921ರಲ್ಲಿ ಅಧ್ಯಕ್ಷ ಹಾರ್ಡಿಂಗ್ ಅದನ್ನು ಶ್ವೇತಭವನದಲ್ಲಿ ಮೇರಿಗೆ ಕೊಟ್ಟರು. ಉಡುಗೊರೆ ತಮ್ಮ ಹೆಸರಿಗಲ್ಲ, ಪ್ರಯೋಗಾಲಯಕ್ಕೆ ಸೇರಬೇಕು ಎಂದು ಮೇರಿ ಹಟ ಹಿಡಿದು, ಹಿಂದಿನ ರಾತ್ರಿಯೇ ದಾನಪತ್ರ ತಿದ್ದಿಸಿದ್ದರು.

ಅದೇ ಹೊತ್ತಿಗೆ ಅಮೆರಿಕದ ನ್ಯೂಜೆರ್ಸಿಯ ಆರೆಂಜ್ ಊರಿನಲ್ಲಿ ಕೆಲಸದ ಹುಡುಗಿಯರು ಗಡಿಯಾರದ ಅಂಕಿಗಳಿಗೆ ಹೊಳೆಯುವ ರೇಡಿಯಂ ಬಣ್ಣ ಬಳಿಯುತ್ತಿದ್ದರು. ಬ್ರಶ್ಶಿನ ತುದಿ ಚೂಪಾಗಲು ತುಟಿಯಲ್ಲಿಟ್ಟು ತಿರುಗಿಸಬೇಕಿತ್ತು. ಪ್ರತಿ ಸಲವೂ ಒಂದಿಷ್ಟು ರೇಡಿಯಂ ಹೊಟ್ಟೆಗೆ ಹೋಗುತ್ತಿತ್ತು. ರೇಡಿಯಂ ರಾಸಾಯನಿಕವಾಗಿ ಕ್ಯಾಲ್ಸಿಯಂನಂತೆ ವರ್ತಿಸುವುದರಿಂದ ಸೀದಾ ಮೂಳೆಯಲ್ಲಿ ಕೂರುತ್ತದೆ. ಹಲ್ಲು ಉದುರಿದವು, ದವಡೆ ಕೊಳೆಯಿತು, ಹಲವರು ಸತ್ತರು. 1925ರಲ್ಲಿ ಹ್ಯಾರಿಸನ್ ಮಾರ್ಟ್‌ಲ್ಯಾಂಡ್ ಎಂಬ ವೈದ್ಯರು ಇದಕ್ಕೆ ರೇಡಿಯಂ ಕಾರಣ ಎಂದು ತೋರಿಸಿಕೊಟ್ಟರು. ಐವರು ಮಹಿಳೆಯರು ಕೋರ್ಟಿಗೆ ಹೋದರು. 1928ರ ರಾಜಿಯಲ್ಲಿ ತಲಾ 10,000 ಡಾಲರ್, ವರ್ಷಕ್ಕೆ 600 ಡಾಲರ್, ಜೊತೆಗೆ ಆಸ್ಪತ್ರೆ ಖರ್ಚು ಸಿಕ್ಕಿತು.

ಇತ್ತ ಪ್ಯಾರಿಸ್‌ನಲ್ಲಿ ಮೇರಿಯ ರೇಡಿಯಂ ಸಂಸ್ಥೆಯಲ್ಲಿ ಕೆಲಸಗಾರರ ರಕ್ತಪರೀಕ್ಷೆ ನಿಯಮವಾಯಿತು. ರಕ್ತದ ಕಣಗಳ ಸಂಖ್ಯೆ ಇಳಿದರೆ ವಿಶ್ರಾಂತಿ, ಹಳ್ಳಿಯ ಗಾಳಿ. ಬೇರೆಯವರಿಗೆ ಎಚ್ಚರಿಕೆ ಹೇಳುತ್ತಿದ್ದ ಮೇರಿ ತಾವು ಮಾತ್ರ ಅದನ್ನು ಪಾಲಿಸುತ್ತಿರಲಿಲ್ಲ. ಬೆರಳ ತುದಿಗಳು ಗಟ್ಟಿಯಾಗಿ ಬಿರುಕುಬಿಟ್ಟಿದ್ದವು, ಕಣ್ಣಿಗೆ ಪೊರೆ ಬಂದು ಹಲವು ಶಸ್ತ್ರಚಿಕಿತ್ಸೆ ಆಗಿದ್ದವು. 1934ರ ಜುಲೈ 4ರಂದು ಫ್ರಾನ್ಸ್‌ನ ಬೆಟ್ಟದ ಮೇಲಿನ ಸ್ಯಾನಿಟೋರಿಯಂ ಒಂದರಲ್ಲಿ ತೀರಿಕೊಂಡರು. ಕಾರಣ ಕ್ಯಾನ್ಸರ್ ಅಲ್ಲ, ಎಪ್ಲಾಸ್ಟಿಕ್ ಅನೀಮಿಯಾ. ಮೂಳೆಯ ಮಜ್ಜೆ ಹೊಸ ರಕ್ತಕಣ ತಯಾರಿಸುವುದನ್ನೇ ನಿಲ್ಲಿಸುವ ಕಾಯಿಲೆ ಅದು.

ಹಾಗಾದರೆ ಸೀಸದ ಪೆಟ್ಟಿಗೆ?

1995ರಲ್ಲಿ ಮೇರಿ ಮತ್ತು ಪಿಯರ್ ಅವರನ್ನು ಪ್ಯಾರಿಸ್‌ನ ಪ್ಯಾಂಥಿಯಾನ್ ಸ್ಮಾರಕಕ್ಕೆ ಸ್ಥಳಾಂತರಿಸಲು ಸಮಾಧಿ ತೆರೆದರು. ವಿಕಿರಣ ಸುರಕ್ಷತೆಯ ಅಧಿಕಾರಿಗಳು ಜೊತೆಗಿದ್ದರು. ಮೇರಿಯ ಪೆಟ್ಟಿಗೆಯಲ್ಲಿ ಸೀಸದ ಪದರ ಇದ್ದದ್ದು ನಿಜ. ಆದರೆ ಅಳೆದಾಗ ಸಿಕ್ಕ ವಿಕಿರಣ ಕಡಿಮೆ ಮಟ್ಟದ್ದು. ಪ್ರಾಣ ತೆಗೆಯುವಷ್ಟು ರೇಡಿಯಂ ಅವರ ದೇಹದೊಳಗೆ ಸೇರಿರಲಿಲ್ಲ, ಯುದ್ಧಕಾಲದ ಎಕ್ಸ್-ರೇ ಕಿರಣಗಳೇ ಹೆಚ್ಚಿನ ಕಾರಣವಾಗಿರಬಹುದು ಎಂದು ತಜ್ಞರು ಅಭಿಪ್ರಾಯಪಟ್ಟರು. ಪ್ಯಾಂಥಿಯಾನ್‌ಗೆ ಇಂದು ಪ್ರವಾಸಿಗರು ಟಿಕೆಟ್ ತೆಗೆದುಕೊಂಡು ಹೋಗಿ ಬರುತ್ತಾರೆ.

ಇಲ್ಲಿ ಒಂದು ವ್ಯತ್ಯಾಸ ತಿಳಿದುಕೊಳ್ಳೋಣ. ಬಿಸಿಲಿಗೆ ನಿಂತರೆ ಚರ್ಮ ಸುಡಬಹುದು, ಆದರೆ ಮನೆಯೊಳಗೆ ಬಂದ ಮೇಲೆ ನಮ್ಮ ಮೈಯಿಂದ ಬಿಸಿಲು ಹೊರಡುವುದಿಲ್ಲ. ಎಕ್ಸ್-ರೇಯೂ ಹಾಗೆಯೇ. ಯಂತ್ರ ಆಫ್ ಆದ ಕೂಡಲೇ ಕಿರಣ ಮುಗಿಯಿತು. ಎಕ್ಸ್-ರೇ ಅಥವಾ ಸಿಟಿ ಸ್ಕ್ಯಾನ್ ಮಾಡಿಸಿಕೊಂಡವರನ್ನು ಮುಟ್ಟಿದರೆ ಏನೂ ಆಗುವುದಿಲ್ಲ. ಆದರೆ ರೇಡಿಯಂನಂಥ ವಸ್ತುವಿನ ಧೂಳು ಅಂಟಿಕೊಂಡರೆ ಅದು ಕೆಸರು ಮೆತ್ತಿದಂತೆ, ಇರುವಷ್ಟು ದಿನವೂ ಕಿರಣ ಸೂಸುತ್ತದೆ. ಮೇರಿಯ ನೋಟ್‌ಬುಕ್‌ಗಳಿಗೆ ಆಗಿದ್ದು ಇದು. ಅವು ಪ್ಯಾರಿಸ್‌ನ ರಾಷ್ಟ್ರೀಯ ಗ್ರಂಥಾಲಯದಲ್ಲಿ ಸೀಸದ ಪೆಟ್ಟಿಗೆಯಲ್ಲಿವೆ, ನೋಡುವವರು ಸಹಿ ಹಾಕಿಯೇ ನೋಡಬೇಕು. ಫಾರ್ವರ್ಡ್‌ನ ಈ ಭಾಗ ನಿಜ. 1500 ವರ್ಷ ಎಂಬುದು ಮಾತ್ರ ತಪ್ಪು ಲೆಕ್ಕ. ರೇಡಿಯಂನ ಅರ್ಧಾಯುಷ್ಯ ಸುಮಾರು 1600 ವರ್ಷ. ಅಂದರೆ ಅಷ್ಟು ಕಾಲದ ನಂತರ ಅರ್ಧಕ್ಕೆ ಇಳಿಯುತ್ತದೆ, ಪೂರ್ತಿ ಮುಗಿಯುವುದಿಲ್ಲ.

ಗಣಿಯವರ ಸರದಿ

ಮೇರಿಗೆ ಅದಿರಿನ ಕಸ ಕಳಿಸಿದ ಬೆಟ್ಟಸಾಲಿನ ಗಣಿ ಕಾರ್ಮಿಕರು ಬಹಳ ಕಾಲದಿಂದ ಶ್ವಾಸಕೋಶದ ಕಾಯಿಲೆಯಿಂದ ಸಾಯುತ್ತಿದ್ದರು. ಅದು ಎದೆಯೊಳಗಿನ ಗಡ್ಡೆ ಎಂದು ಹತ್ತಿರದ ಶ್ನೇಬರ್ಗ್ ಗಣಿಗಳ ವೈದ್ಯರು 1879ರಲ್ಲೇ ಬರೆದಿದ್ದರು. ಗಣಿಯ ಗಾಳಿಯಲ್ಲಿ ತುಂಬಿದ್ದ ರೇಡಾನ್ ಅನಿಲ ಅದಕ್ಕೆ ಮುಖ್ಯ ಕಾರಣ ಎಂಬುದು ಆಮೇಲೆ ಸ್ಪಷ್ಟವಾಯಿತು.

ಇಷ್ಟು ಗೊತ್ತಿದ್ದರೂ ಅಣುಬಾಂಬ್‌ಗಾಗಿ ಅಮೆರಿಕ ಯುರೇನಿಯಂ ಅಗೆಸಿದಾಗ ಅದೇ ತಪ್ಪು ನಡೆಯಿತು. ನವಾಹೊ ಬುಡಕಟ್ಟಿನವರೂ ಸೇರಿ ಸಾವಿರಾರು ಜನ ಸರಿಯಾಗಿ ಗಾಳಿಯಾಡದ ಗಣಿಗಳಿಗೆ ಇಳಿದರು. ಸರ್ಕಾರದ ಆರೋಗ್ಯ ಸೇವೆ 1950ರಲ್ಲಿ ಅವರ ಮೇಲೆ ಅಧ್ಯಯನ ಶುರುಮಾಡಿತು, ಆದರೆ ಅಪಾಯವಿದೆ ಎಂದು ಅವರಿಗೇ ಹೇಳಲಿಲ್ಲ. 1951ರಿಂದ 1962ರವರೆಗೆ ನೆವಾಡ ಮರುಭೂಮಿಯಲ್ಲಿ ತೆರೆದ ಗಾಳಿಯಲ್ಲಿ ನೂರು ಅಣುಪರೀಕ್ಷೆ ನಡೆದವು. ಅದರ ಧೂಳು ಗಾಳಿ ಬೀಸಿದ ಕಡೆಯ ಊರುಗಳ ಮೇಲೆ ಬಿತ್ತು.

ಇವರಿಗೆ ಪರಿಹಾರ ಕೊಡುವ ಕಾನೂನು ಬಂದದ್ದು 1990ರಲ್ಲಿ. 2000ದ ತಿದ್ದುಪಡಿಯಲ್ಲಿ ಇನ್ನೊಂದು ಮುಖ್ಯ ಸಂಗತಿ ಸೇರಿತು. ವಿಕಿರಣಕ್ಕೆ ಒಳಗಾದವರನ್ನು ತಪಾಸಣೆ ಮಾಡಲು ಆಸ್ಪತ್ರೆ ಮತ್ತು ಕ್ಲಿನಿಕ್‌ಗಳಿಗೆ ಸರ್ಕಾರಿ ಅನುದಾನ. ಆ ದುಡ್ಡಿನಲ್ಲಿ ಎದೆಯ ಎಕ್ಸ್-ರೇ, ಶ್ವಾಸಕೋಶದ ಸಾಮರ್ಥ್ಯ ಪರೀಕ್ಷೆ, ರಕ್ತ ಮತ್ತು ಮೂತ್ರ ಪರೀಕ್ಷೆ ನಡೆಯುತ್ತವೆ. ಕಾಯಿಲೆ ಕಂಡರೆ ದೊಡ್ಡ ಆಸ್ಪತ್ರೆಗೆ ಕಳಿಸುತ್ತಾರೆ, ಪರಿಹಾರದ ಅರ್ಜಿ ತುಂಬಲು ನೆರವಾಗುತ್ತಾರೆ. ಐವತ್ತು ವರ್ಷ ಹಿಂದೆ ಯಾವ ಗಣಿಯಲ್ಲಿದ್ದೆ ಎಂದು ಕಾಗದ ತೋರಿಸಬೇಕಾದ ಮುದುಕರಿಗೆ ಈ ಕೊನೆಯ ನೆರವೂ ಔಷಧಿಯಷ್ಟೇ ಮುಖ್ಯ.

ಪರಿಹಾರದ ಕಾನೂನು 2024ರ ಜೂನ್‌ನಲ್ಲಿ ಅವಧಿ ಮುಗಿದು ನಿಂತುಹೋಯಿತು, 2025ರ ಜುಲೈನಲ್ಲಿ ಮತ್ತೆ ಜೀವ ಪಡೆಯಿತು. 1945ರಲ್ಲಿ ಜಗತ್ತಿನ ಮೊದಲ ಅಣುಪರೀಕ್ಷೆ ನಡೆದ ನ್ಯೂಮೆಕ್ಸಿಕೊದ ಜನರನ್ನು ಪಟ್ಟಿಗೆ ಸೇರಿಸಿದ್ದು ಆಗಲೇ. ಅಷ್ಟರಲ್ಲಿ 80 ವರ್ಷ ಕಳೆದಿತ್ತು.

ನಮಗೇನು ಸಂಬಂಧ?

ನಿಮ್ಮ ಮನೆಯಲ್ಲಿ ಎಕ್ಸ್-ರೇ ಟೆಕ್ನಿಷಿಯನ್, ಕ್ಯಾತ್‌ಲ್ಯಾಬ್ ನರ್ಸ್ ಅಥವಾ ಕೈಗಾದಂಥ ಸ್ಥಾವರದಲ್ಲಿ ಕೆಲಸ ಮಾಡುವವರು ಇದ್ದರೆ ಎದೆಯ ಮೇಲಿನ ಪುಟ್ಟ ಟಿಎಲ್‌ಡಿ ಬ್ಯಾಡ್ಜ್ ನೋಡಿರುತ್ತೀರಿ. ಬಿದ್ದ ವಿಕಿರಣದ ಲೆಕ್ಕ ಅದು ಇಡುತ್ತದೆ. ಭಾರತದಲ್ಲಿ ಇಂಥ ಕೆಲಸಗಾರರಿಗೆ ಐದು ವರ್ಷದ ಸರಾಸರಿಯಲ್ಲಿ ವರ್ಷಕ್ಕೆ 20 ಮಿಲಿಸೀವರ್ಟ್, ಯಾವುದೇ ಒಂದು ವರ್ಷದಲ್ಲಿ 30 ಮಿಲಿಸೀವರ್ಟ್ ಮಿತಿ. ಬ್ಯಾಡ್ಜ್ ಡ್ರಾಯರಿನಲ್ಲಿಟ್ಟು ಕೆಲಸ ಮಾಡಿದರೆ ಅದು ಡ್ರಾಯರಿನ ಲೆಕ್ಕ ಹೇಳುತ್ತದೆ, ನಿಮ್ಮದಲ್ಲ. ಸೀಸದ ಏಪ್ರನ್ ಹಾಕಿಕೊಳ್ಳಿ, ಬ್ಯಾಡ್ಜನ್ನು ಅದರ ಒಳಗಡೆ ಎದೆಯ ಮೇಲೆ ಧರಿಸಿ. ನಿಮ್ಮ ಡೋಸ್ ರಿಪೋರ್ಟ್ ಮತ್ತು ಆರೋಗ್ಯ ತಪಾಸಣೆಯ ಕಾಗದ ಕೇಳಿ ಪಡೆದು, ಕೆಲಸ ಬಿಟ್ಟ ಮೇಲೂ ಜೋಪಾನವಾಗಿಡಿ.

ರೋಗಿಗಳು ಎಕ್ಸ್-ರೇಗೆ ಹೆದರಬೇಕಿಲ್ಲ. ವೈದ್ಯರು ಬೇಕೆಂದಾಗ ಮಾಡಿಸಿ, ಗರ್ಭಿಣಿಯಾಗಿದ್ದರೆ ಮೊದಲೇ ತಿಳಿಸಿ, ಹಳೆಯ ರಿಪೋರ್ಟ್ ತೋರಿಸಿ. ಆಗ ಅದೇ ಪರೀಕ್ಷೆ ಸುಮ್ಮನೆ ಎರಡು ಸಲ ಆಗುವುದು ತಪ್ಪುತ್ತದೆ.

ನಮ್ಮ ತೀರ್ಮಾನ: ನೋಟ್‌ಬುಕ್‌ಗಳ ಮಾತು ನಿಜ, ಸೀಸದ ಪದರ ನಿಜ, ದೇಹದ ಬಳಿ ಹೋಗುವಂತಿಲ್ಲ ಎಂಬುದು ಸುಳ್ಳು, ಕ್ಯಾನ್ಸರ್ ಎಂಬುದು ತಪ್ಪು. ಆ ಫೋಟೊ ಮುಂದಿನ ಸಲ ಬಂದಾಗ ಗ್ರೂಪಿನಲ್ಲಿ ಈ ಲೇಖನವನ್ನೂ ಹಾಕಿ. ಆಸ್ಪತ್ರೆಯಲ್ಲಿ ಕೆಲಸ ಮಾಡುವ ನೆಂಟರು ಇದ್ದರೆ, ಬ್ಯಾಡ್ಜ್ ಹಾಕಿಕೊಳ್ಳುತ್ತಿದ್ದೀರಾ ಎಂದು ಒಂದು ಮಾತು ಕೇಳಿ.