ಐದಡಿ ಮೂರಿಂಚಿನ ಬಿಲ್ ಐವಿ

ನಮ್ಮ ಕಾಲೇಜಿನ ಪಾರ್ಕಿಂಗ್‌ನಲ್ಲಿ ಆಗಾಗ ಕಿವಿಗೆ ಬೀಳೋ ಗೋಳು ಒಂದಿದೆ. ಆರ್15 ತಗೋಬೇಕು ಅಂತ ಆಸೆ, ಆದ್ರೆ ಕಾಲು ನೆಲಕ್ಕೆ ಎಟಕಲ್ಲ. ಅದರ ಸೀಟಿನ ಎತ್ತರ 815 ಮಿಲಿಮೀಟರ್. ಶೋರೂಮಿನಲ್ಲಿ ಹತ್ತಿ ಕೂತು, ಹಿಮ್ಮಡಿ ಎರಡೂ ಗಾಳಿಯಲ್ಲಿ ತೇಲ್ತಿರೋದನ್ನ ನೋಡಿ, ಸೇಲ್ಸ್‌ನವರ ಮುಖ ನೋಡೋಕೂ ನಾಚಿಕೆಯಾಗಿ ಇಳಿದು ಬಂದವರು ನಮ್ಮ ಕನ್ನಡ ಕ್ಲಬ್ಬಲ್ಲೇ ಇಬ್ಬರಿದ್ದಾರೆ. ಹೆಸರು ಹೇಳಲ್ಲ. ಅವರಿಗೋಸ್ಕರ ಈ ಸಲ ಬಿಲ್ ಐವಿಯ ಕತೆ. ಎತ್ತರ ಐದಡಿ ಮೂರಿಂಚು, ಅಂದ್ರೆ 160 ಸೆಂಟಿಮೀಟರ್. ಕೆಲಸ: ಮೋಟಾರ್‌ಸೈಕಲ್ ರೇಸ್‌ನಲ್ಲಿ ವಿಶ್ವಚಾಂಪಿಯನ್.

ಹುಟ್ಟಿದ್ದು 1942ರ ಆಗಸ್ಟ್ 27ರಂದು, ಇಂಗ್ಲೆಂಡಿನ ಕೆಂಟ್ ಪ್ರಾಂತ್ಯದ ಮೇಡ್‌ಸ್ಟನ್ ಊರಲ್ಲಿ. ಅದೇ ಊರಿನ ಒಂದು ಮೋಟಾರ್‌ಸೈಕಲ್ ಅಂಗಡಿಯಲ್ಲಿ ಕೆಲಸಕ್ಕಿದ್ದ. 1959ರಲ್ಲಿ ಬ್ರ್ಯಾಂಡ್ಸ್ ಹ್ಯಾಚ್ ಟ್ರ್ಯಾಕಿನಲ್ಲಿ 50 ಸಿಸಿಯ ಪುಟಾಣಿ ಇಟಾಮ್ ಗಾಡಿ ಹತ್ತಿ ರೇಸ್ ಶುರು ಮಾಡಿದ. (ಏಕವಚನದಲ್ಲಿ ಬರೀತಿದ್ದೀವಿ, ಬೇಜಾರಾಗಬೇಡಿ. ಅವನು ಕೊನೇವರೆಗೂ ನಮಗಿಂತ ನಾಲ್ಕೈದು ವರ್ಷ ದೊಡ್ಡವನಾಗಿಯೇ ಉಳಿದ.)

ಕುಳ್ಳಗಿದ್ದವನು 50 ಸಿಸಿ ಓಡಿಸೋದು ಆಶ್ಚರ್ಯ ಅಲ್ಲ. ಅಲ್ಲಿ ಕುಳ್ಳಗಿರೋದೇ ಲಾಭ. ಗಾಳಿಯನ್ನ ಸೀಳೋಕೆ ಬೇಕಾದ ಪವರ್ ವೇಗದ ಘನಕ್ಕೆ ತಕ್ಕಂತೆ ಏರತ್ತೆ ಅಂತ ಫ್ಲೂಯಿಡ್ ಮೆಕ್ಯಾನಿಕ್ಸ್‌ನಲ್ಲಿ ಓದಿದ್ದೀವಿ. ಎಂಜಿನ್ ಚಿಕ್ಕದಿದ್ದಾಗ ಎದುರು ಗಾಳಿಗೆ ಸಿಗೋ ಮೈಯ ಅಳತೆಯೇ ದೊಡ್ಡ ಲೆಕ್ಕ. ಫೇರಿಂಗ್ ಹಿಂದೆ ಪೂರ್ತಿ ಅಡಗಿ ಕೂರಬಲ್ಲವನಿಗೆ ಪುಕ್ಕಟೆ ವೇಗ. ಮಜಾ ಇರೋದು ಐವಿ ಅಷ್ಟಕ್ಕೇ ನಿಲ್ಲಲಿಲ್ಲ ಅನ್ನೋದರಲ್ಲಿ. 250, 350, 500 ಸಿಸಿ ಗಾಡಿಗಳನ್ನೂ ಓಡಿಸಿದ. ವೇಗದಲ್ಲಿರೋ ಭಾರದ ಗಾಡಿಯನ್ನ ಎಡಕ್ಕೂ ಬಲಕ್ಕೂ ಮಲಗಿಸಿ ಎಬ್ಬಿಸೋಕೆ ಹ್ಯಾಂಡಲ್ ಮೇಲೆ ಬಲ ಹಾಕಬೇಕು, ಅದಕ್ಕೆ ಕಾಲಿನ ಉದ್ದ ಕೇಳಲ್ಲ, ಭುಜ ತೋಳು ಕೇಳತ್ತೆ. ಅವು ಅವನಲ್ಲಿ ಪೈಲ್ವಾನರ ಹಾಗಿದ್ವು.

ಆವಾಗಿನ ಗ್ರ್ಯಾಂಡ್ ಪ್ರಿ ರೇಸ್‌ಗಳಲ್ಲಿ ಇನ್ನೊಂದು ಕಷ್ಟ ಇತ್ತು. ಪುಶ್ ಸ್ಟಾರ್ಟ್. ಎಂಜಿನ್ ಆಫ್ ಆಗಿರೋ ಗಾಡಿಯನ್ನ ಓಡ್ತಾ ತಳ್ಳಿ, ಕ್ಲಚ್ ಬಿಟ್ಟು, ಸೀಟಿನ ಮೇಲೆ ಒಂದು ಪಕ್ಕಕ್ಕೆ ಎಗರಿ ಕೂತು, ಸ್ಟಾರ್ಟ್ ಆದ್ಮೇಲೆ ಕಾಲು ಆಚೆ ಹಾಕಬೇಕು. ಬ್ಯಾಟರಿ ಡೌನ್ ಆದ ಗಾಡಿಯನ್ನ ಹಾಸ್ಟೆಲ್ ಇಳಿಜಾರಲ್ಲಿ ತಳ್ಳಿದವರಿಗೆ ಇದು ಗೊತ್ತಿರತ್ತೆ. ಸುತ್ತ ಇಪ್ಪತ್ತು ಮೂವತ್ತು ಜನ ಹಾಗೇ ತಳ್ತಿರ್ತಾರೆ ಅಂತ ಊಹಿಸ್ಕೊಳ್ಳಿ. ಗಿಡ್ಡ ಕಾಲಿನವನು ಬೆವರಬೇಕಾದ ಜಾಗ ಅದು. ಗಾಡಿ ಒಮ್ಮೆ ಓಡಿತು ಅಂದ್ರೆ ಎರಡು ಕಾಲೂ ಫುಟ್‌ಪೆಗ್ ಮೇಲೆ, ಎತ್ತರದ ಮಾತೇ ಇಲ್ಲ. ನಮಗೆ ಕಷ್ಟ ಸಿಗ್ನಲ್‌ನಲ್ಲಿ. ಅದಕ್ಕೂ ಉಪಾಯ ಇದೆ: ನಿಲ್ಲೋಕೆ ಮುಂಚೆ ಸೊಂಟವನ್ನ ಸೀಟಿನ ಎಡಕ್ಕೆ ಜಾರಿಸಿ, ಎಡಗಾಲು ಪೂರ್ತಿ ನೆಲಕ್ಕೆ, ಬಲಗಾಲು ಬ್ರೇಕ್ ಮೇಲೆ. ಎರಡೂ ಕಾಲು ನೆಲಕ್ಕೆ ತಾಗಲೇಬೇಕು ಅಂತ ಯಾವ ರೂಲೂ ಇಲ್ಲ.

ಕತೆಗೆ ಬರೋಣ. ಯಮಹಾ ತಂಡದ ದೊಡ್ಡ ರೇಸರ್ ಫಿಲ್ ರೀಡ್ ಶಿಫಾರಸು ಮಾಡಿ ಐವಿಯನ್ನ ತಂಡಕ್ಕೆ ಸೇರಿಸಿದ. 1966ರಲ್ಲಿ ಐವಿ ಐಲ್ ಆಫ್ ಮ್ಯಾನ್ ಟಿಟಿಯ 125 ಸಿಸಿ ರೇಸ್ ಗೆದ್ದ. 1967ರಲ್ಲಿ 125 ಸಿಸಿ ವಿಶ್ವಚಾಂಪಿಯನ್ ಆದ. ಆ ಗಾಡಿಯ ಎಂಜಿನ್ ನೋಡಿದ್ರೆ ಮೆಕ್ಯಾನಿಕಲ್‌ನವರಿಗೆ ನಿದ್ದೆ ಬರಲ್ಲ: 125 ಸಿಸಿಗೆ ನಾಲ್ಕು ಸಿಲಿಂಡರ್, ಟೂ ಸ್ಟ್ರೋಕ್, ನೀರಿನ ಕೂಲಿಂಗ್. ಒಂದೊಂದು ಸಿಲಿಂಡರ್ ಸುಮಾರು 31 ಸಿಸಿ, ಕಾಫಿ ಲೋಟಕ್ಕಿಂತ ಚಿಕ್ಕದು. ಪವರ್ ಸಿಗೋದು ತುಂಬಾ ಮೇಲಿನ ಆರ್‌ಪಿಎಂನಲ್ಲಿ, ಅದೂ ಸಣ್ಣ ಪಟ್ಟಿಯಲ್ಲಿ. ಗೇರ್ ಒಂದು ತಪ್ಪಿದ್ರೆ ಗಾಡಿ ಮಲಗಿಬಿಡತ್ತೆ.

1968 ಅವನನ್ನ ಮುರಿದ ವರ್ಷ. ಹೋಂಡಾ ರೇಸ್ ಬಿಟ್ಟು ಹೋಗಿತ್ತು, ಎದುರಾಳಿ ಅಂತ ಉಳಿದಿದ್ದು ಸ್ವಂತ ತಂಡದವನೇ. ಯಮಹಾ ಹಂಚಿಕೆ ಮಾಡ್ತು: 125ರ ಪಟ್ಟ ರೀಡ್‌ಗೆ, 250ರ ಪಟ್ಟ ಐವಿಗೆ. ಆ ವರ್ಷದ ಟಿಟಿಯಲ್ಲಿ, ಹಳ್ಳಿ, ಗೋಡೆ, ಬೆಟ್ಟದ ನಡುವೆ ಹಾದುಹೋಗೋ ಸುಮಾರು 60 ಕಿಲೋಮೀಟರ್‌ನ ಆ ಸುತ್ತನ್ನ ಐವಿ 125 ಸಿಸಿಯಲ್ಲಿ ಗಂಟೆಗೆ 100 ಮೈಲಿಗಿಂತ ಹೆಚ್ಚು ಸರಾಸರಿಯಲ್ಲಿ ಮುಗಿಸಿದ. ಆ ಸೈಜಿನ ಗಾಡಿಯಲ್ಲಿ ಅದನ್ನ ಮಾಡಿದ ಮೊದಲಿಗ. ಆಮೇಲೆ ಬೇಕಂತಲೇ ನಿಧಾನ ಮಾಡಿ ರೀಡ್‌ಗೆ ಗೆಲುವು ಬಿಟ್ಟುಕೊಟ್ಟ. ತನ್ನಿಂದ ಏನಾಗತ್ತೆ ಅಂತ ಲೋಕಕ್ಕೆ ತೋರಿಸಿ, ಕೊಟ್ಟ ಮಾತನ್ನೂ ಉಳಿಸ್ಕೊಂಡ.

ರೀಡ್ 125 ಪಟ್ಟ ಕೈಗೆ ಬಂದ ಮೇಲೆ 250ಯನ್ನೂ ಬಿಡಲ್ಲ ಅಂತ ನಿಂತ. ಸೀಸನ್ ಮುಗಿದಾಗ ಇಬ್ಬರ ಅಂಕ ಸಮ. ಇಬ್ಬರೂ ಮುಗಿಸಿದ ರೇಸ್‌ಗಳ ಸಮಯ ಕೂಡಿಸಿ ನೋಡಿದ್ರು. ರೀಡ್‌ದು ಕಮ್ಮಿ ಬಂತು, ಪಟ್ಟ ಅವನಿಗೆ ಹೋಯ್ತು. ಐವಿ ಎರಡರಲ್ಲೂ ಎರಡನೇ ಸ್ಥಾನ. ಇದರ ಬಗ್ಗೆ ನಮ್ಮಲ್ಲೇ ಜಗಳ ಆಯ್ತು. ರೇಸರ್ ಆದವನು ಸೋಲೋಕೆ ಒಪ್ಪೋದೇ ತಪ್ಪು ಅಂತ ಕೆಲವರ ವಾದ. ಉಳಿದವರದ್ದು ಬೇರೆ: ಗ್ರೂಪ್ ಪ್ರಾಜೆಕ್ಟ್‌ನಲ್ಲಿ ಪೂರ್ತಿ ಕೆಲಸ ಮಾಡಿ, ರಿಪೋರ್ಟ್ ಮೇಲೆ ಇನ್ನೊಬ್ಬನ ಹೆಸರು ಮೊದಲು ಬಂದದ್ದು ನೋಡಿದವರು ಐವಿ ಕಡೆ.

ಐವಿ ಬೇಸತ್ತು ಬೈಕ್ ರೇಸ್ ಬಿಟ್ಟ. 1969ರಲ್ಲಿ ಫಾರ್ಮುಲಾ ಟೂ ಕಾರ್ ಓಡಿಸೋಕೆ ಶುರು ಮಾಡಿದ. ಅದಕ್ಕೆ ದುಡ್ಡು ಬೇಕಲ್ಲ. ಆಗ ಚೆಕೊಸ್ಲೊವಾಕಿಯಾದ ಜಾವಾ ಕಂಪನಿ ಕರೀತು. ಹೌದು, ಮೈಸೂರಿನ ಐಡಿಯಲ್ ಜಾವಾ ಯಾರ ಹೆಸರು ಹೊತ್ತು ಗಾಡಿ ಮಾಡ್ತಿತ್ತೋ ಅದೇ ಜಾವಾ. ನಮ್ಮ ತಾತಂದಿರ ಜಾವಾಗೆ ಒಂದೇ ಸಿಲಿಂಡರ್, ಐವಿಯ 350 ಸಿಸಿ ರೇಸ್ ಜಾವಾಗೆ ನಾಲ್ಕು. ಎರಡೂ ಟೂ ಸ್ಟ್ರೋಕ್. ಅದರಲ್ಲಿ ಅವನು ಜರ್ಮನಿಯ ಹಾಕೆನ್‌ಹೈಮ್‌ನಲ್ಲೂ ಹಾಲೆಂಡಿನ ಆಸೆನ್‌ನಲ್ಲೂ ಎರಡನೇ ಸ್ಥಾನ ತಂದ. ಮುಂದೆ ಇದ್ದವನು ಎಂವಿ ಅಗಸ್ಟಾ ಮೇಲಿನ ಅಗೊಸ್ಟಿನಿ, ಬೇರೆ ಯಾರೂ ಅಲ್ಲ.

ಟೂ ಸ್ಟ್ರೋಕ್‌ನಲ್ಲಿ ಪಿಸ್ಟನ್‌ಗೆ ಬೇಕಾದ ಆಯಿಲ್ ಪೆಟ್ರೋಲ್ ಜೊತೆಗೇ ಹೋಗತ್ತೆ. ಅದು ಸಾಲದೇ ಬಂದ್ರೆ, ಅಥವಾ ಶಾಖ ಮಿತಿ ಮೀರಿದ್ರೆ, ಹಿಗ್ಗಿದ ಪಿಸ್ಟನ್ ಸಿಲಿಂಡರನ್ನ ಕಚ್ಚಿ ಹಿಡಿಯತ್ತೆ. ಹಿಂದಿನ ಚಕ್ರ ಅಲ್ಲೇ ಲಾಕ್. ತಪ್ಪಿಸ್ಕೊಳ್ಳೋಕೆ ಇರೋದು ಒಂದೇ ದಾರಿ, ಆ ಕ್ಷಣಕ್ಕೇ ಕ್ಲಚ್ ಎಳೀಬೇಕು. ಅದಕ್ಕೇ ಹಳೇ ರೇಸರ್‌ಗಳು ಎಡಗೈಯ ಬೆರಳನ್ನ ಕ್ಲಚ್ ಮೇಲಿಂದ ತೆಗೀತಿರಲಿಲ್ಲ.

1969ರ ಜುಲೈ 12. ಪೂರ್ವ ಜರ್ಮನಿಯ ಜಾಕ್ಸೆನ್‌ರಿಂಗ್. ಊರಿನ ರಸ್ತೆಗಳನ್ನೇ ಮುಚ್ಚಿ ಮಾಡಿದ ಟ್ರ್ಯಾಕ್ ಅದು. ರೇಸ್ ಅಲ್ಲ, ಪ್ರ್ಯಾಕ್ಟೀಸ್. ಜಾವಾದ ಎಂಜಿನ್ ಸೀಜ್ ಆಯ್ತು. ಐವಿ ಗಾಡಿಯಿಂದ ಎಸೆಯಲ್ಪಟ್ಟ, ಹೆಲ್ಮೆಟ್ ಕಳಚಿ ಹೋಯ್ತು, ತಲೆಗೆ ಬಿದ್ದ ಪೆಟ್ಟು ಅವನನ್ನ ಉಳಿಸಲಿಲ್ಲ. ಇಪ್ಪತ್ತೇಳು ತುಂಬೋಕೆ ಇನ್ನೂ ಆರೂವರೆ ವಾರ ಇತ್ತು.