ಮೊದಲು ತಾವೇ ಬರೆದ ಮೇಷ್ಟ್ರು: ಸಾನೆ ಗುರೂಜಿ

ಮಹಾರಾಷ್ಟ್ರದಲ್ಲಿ ನೆಲೆಸಿದ ನಮ್ಮ ಕನ್ನಡ ಕುಟುಂಬಗಳಿಗೆ ‘ಶ್ಯಾಮಚೀ ಆಈ’ ಎಂಬ ಮರಾಠಿ ಪುಸ್ತಕದ ಹೆಸರು ಅಪರಿಚಿತವಲ್ಲ. ಆದರೆ ಅದು ಬಹುಪಾಲು ನಾಸಿಕದ ಸೆರೆಮನೆಯಲ್ಲಿ ಮೈದಳೆಯಿತೆಂಬುದು, ಅದನ್ನು ಬರೆದವರು ಹದಿಹರೆಯದ ಹುಡುಗರಿಗೆ ಪಾಠ ಹೇಳುತ್ತಿದ್ದ ಶಾಲಾ ಶಿಕ್ಷಕರೆಂಬುದು ನಮ್ಮಲ್ಲಿ ಅನೇಕರಿಗೆ ತಿಳಿದಿರಲಾರದು.

ಪಾಂಡುರಂಗ ಸದಾಶಿವ ಸಾನೆ ಅವರು 1899ರ ಡಿಸೆಂಬರ್ 24ರಂದು ರತ್ನಾಗಿರಿ ಜಿಲ್ಲೆಯ ಪಾಲಗಡ ಗ್ರಾಮದಲ್ಲಿ ಜನಿಸಿದರು. ಒಂದು ಕಾಲಕ್ಕೆ ಅನುಕೂಲವಾಗಿದ್ದ ಮನೆತನ ಅವರ ಬಾಲ್ಯದ ಹೊತ್ತಿಗೆ ಬಡತನಕ್ಕೆ ಇಳಿದಿತ್ತು. ದಾಪೋಲಿ, ಔಂಧ್, ಪುಣೆ ಎಂದು ಊರೂರು ಅಲೆದು ವಿದ್ಯೆ ಸಂಪಾದಿಸಿದರು. 1917ರಲ್ಲಿ ತಾಯಿ ಯಶೋದಾಬಾಯಿ ತೀರಿಕೊಂಡಾಗ ಮಗ ಇನ್ನೂ ವಿದ್ಯಾರ್ಥಿ. ಪದವಿ ಮುಗಿಸಿ ತತ್ತ್ವಶಾಸ್ತ್ರದ ಹೆಚ್ಚಿನ ವ್ಯಾಸಂಗಕ್ಕಾಗಿ ಖಾನದೇಶದ ಅಮಳನೇರ್ ಪಟ್ಟಣದ ತತ್ತ್ವಜ್ಞಾನ ಮಂದಿರಕ್ಕೆ ಬಂದವರು, 1924ರಲ್ಲಿ ಅದೇ ಊರಿನ ಪ್ರತಾಪ್ ಹೈಸ್ಕೂಲಿನಲ್ಲಿ ಶಿಕ್ಷಕರಾದರು. ಜೊತೆಗೆ ವಿದ್ಯಾರ್ಥಿನಿಲಯದ ಹೊಣೆಯೂ ಅವರ ಪಾಲಿಗೆ ಬಂತು. ಹುಡುಗರ ಕೋಣೆಗಳನ್ನು ತಾವೇ ಗುಡಿಸಿದರು, ಬಟ್ಟೆಗಳನ್ನು ತಾವೇ ಒಗೆದರು. ಈ ಸೇವೆಯ ಕಥೆಯನ್ನು ಎಲ್ಲರೂ ಹೇಳುತ್ತಾರೆ. ನನ್ನ ಮನಸ್ಸನ್ನು ಹೆಚ್ಚು ಹಿಡಿದದ್ದು ಇನ್ನೊಂದು ಸಂಗತಿ.

ಆ ವಿದ್ಯಾರ್ಥಿನಿಲಯದಲ್ಲಿ ಗುರೂಜಿಯವರು ‘ಛಾತ್ರಾಲಯ ದೈನಿಕ’ ಎಂಬ ಕೈಬರಹದ ಪತ್ರಿಕೆಯೊಂದನ್ನು ನಡೆಸುತ್ತಿದ್ದರು. ಮುದ್ರಣವಿಲ್ಲ, ಚಂದಾ ಇಲ್ಲ; ಓದುಗರು ನಿಲಯದ ಹುಡುಗರೇ. ಹದಿಮೂರು ಹದಿನಾಲ್ಕರ ಹುಡುಗನಿಗೆ ಪ್ರಬಂಧ ಬರೆ ಎಂದು ಆಜ್ಞೆ ಮಾಡುವುದು ಸುಲಭ. ತನ್ನ ಮೇಷ್ಟ್ರೇ ದಿನವೂ ತನಗಾಗಿ ಬರೆಯುತ್ತಿದ್ದಾರೆಂದು ಕಂಡ ಹುಡುಗನಿಗೆ ಬರವಣಿಗೆಯೆಂಬುದು ಪರೀಕ್ಷೆಯ ವಿಷಯವಾಗಿ ಉಳಿಯುವುದಿಲ್ಲ. 1928ರಲ್ಲಿ ಅವರು ‘ವಿದ್ಯಾರ್ಥಿ’ ಎಂಬ ಮಾಸಪತ್ರಿಕೆಯನ್ನೂ ಆರಂಭಿಸಿದರು.

ಇಲ್ಲಿ ನನ್ನದೊಂದು ಮಾತನ್ನು ಸೇರಿಸಲು ಓದುಗರು ಅನುಮತಿಸಬೇಕು. ಬ್ಯಾಂಕಿನ ವರ್ಗಾವಣೆಯಿಂದ ಹಿಂದೆ ಔರಂಗಾಬಾದ್ ಎನಿಸಿದ್ದ ಈಗಿನ ಛತ್ರಪತಿ ಸಂಭಾಜಿನಗರದಲ್ಲಿ ಕೆಲವು ವರ್ಷ, ಅನಂತರ ನಾಸಿಕದಲ್ಲಿ ನಾನು ಇದ್ದೆ. ನಾಸಿಕದಲ್ಲಿ ಕೆಲವು ಕನ್ನಡ ಮನೆಗಳ ಮಕ್ಕಳಿಗೆ ಭಾನುವಾರ ಕನ್ನಡ ಸಾಹಿತ್ಯ ಕಲಿಸಲು ಒಪ್ಪಿಕೊಂಡೆ. ಕಲಾ ಪದವೀಧರನೆಂಬ ಹಮ್ಮಿನಿಂದ ಅಲಂಕಾರ, ರಸ, ಧ್ವನಿ ಎಂದು ಪುಟಗಟ್ಟಲೆ ಟಿಪ್ಪಣಿ ಸಿದ್ಧಪಡಿಸಿದೆ. ಮೂರನೆಯ ವಾರಕ್ಕೆ ಮಕ್ಕಳ ಸಂಖ್ಯೆ ಅರ್ಧಕ್ಕೆ ಇಳಿಯಿತು! ಆಗಲೇ ನೆರೆಯ ಮರಾಠಿ ಮಿತ್ರರೊಬ್ಬರು ಗುರೂಜಿಯವರ ಈ ಕೈಬರಹದ ಪತ್ರಿಕೆಯ ವಿಚಾರ ತಿಳಿಸಿದ್ದು. ಮುಂದಿನ ವಾರ ಟಿಪ್ಪಣಿಗಳನ್ನು ಮನೆಯಲ್ಲೇ ಬಿಟ್ಟು, ನನ್ನ ಅಜ್ಜಿಯ ಅಡುಗೆಮನೆಯ ಕುರಿತು ಒಂದು ಪುಟ ಬರೆದು ಕೊಂಡೊಯ್ದೆ. ಅದರಲ್ಲಿ ಏನು ಸರಿಯಿಲ್ಲವೆಂದು ಮಕ್ಕಳು ಅತ್ಯುತ್ಸಾಹದಿಂದ ಹೇಳಿದರು. ವಿಮರ್ಶೆಯ ಪಾಠ ಹಾಗೆ ಶುರುವಾಯಿತು.

1930ರಲ್ಲಿ ಉಪ್ಪಿನ ಸತ್ಯಾಗ್ರಹದ ಕರೆಗೆ ಓಗೊಟ್ಟು ಗುರೂಜಿಯವರು ಶಾಲೆಯ ಕೆಲಸವನ್ನು ತೊರೆದರು. ಅಲ್ಲಿಂದ ಸೆರೆವಾಸಗಳ ಸರಣಿ. ತಿರುಚಿರಾಪಳ್ಳಿಯ ಸೆರೆಮನೆಯಲ್ಲಿ ದಕ್ಷಿಣದ ಸತ್ಯಾಗ್ರಹಿಗಳ ಒಡನಾಟ ದೊರೆಯಿತು. ತಿರುಕ್ಕುರಳನ್ನು ಮರಾಠಿಗೆ ತಂದರು. 1932ರಲ್ಲಿ ಧುಳೆಯ ಸೆರೆಮನೆಯಲ್ಲಿ ವಿನೋಬಾ ಭಾವೆಯವರು ಭಾನುವಾರಗಳಂದು ನೀಡಿದ ಗೀತಾ ಪ್ರವಚನಗಳನ್ನು ಅಕ್ಷರಕ್ಕಿಳಿಸಿದವರೂ ಇವರೇ.

ಅನಂತರ ನಾಸಿಕ. 1933ರ ಫೆಬ್ರವರಿ 9ರ ಗುರುವಾರ ಆರಂಭಿಸಿ 13ರ ಸೋಮವಾರ ಬೆಳಗಿನ ಜಾವದವರೆಗೆ, ಹಗಲು ಸೆರೆಮನೆಯ ಕೆಲಸ, ರಾತ್ರಿ ಮತ್ತು ನಸುಕಿನಲ್ಲಿ ಬರಹ. ಕೇವಲ ಐದು ದಿನಗಳಲ್ಲಿ ಪುಸ್ತಕದ ಬಹುಭಾಗ ಸಿದ್ಧವಾಯಿತು. ಉಳಿದದ್ದನ್ನು ಹೊರಬಂದ ಮೇಲೆ ಬರೆದರು. ಅಧ್ಯಾಯಗಳಿಗೆ ‘ರಾತ್ರಿ’ ಎಂದೇ ಹೆಸರು. ಶ್ಯಾಮನು ತನ್ನ ಗೆಳೆಯರಿಗೆ ರಾತ್ರಿ ರಾತ್ರಿ ಹೇಳುವ ನೆನಪುಗಳವು. ಕಣ್ಣೀರು ಅತಿಯಾಯಿತೆಂದು ಆಕ್ಷೇಪಿಸುವವರಿದ್ದಾರೆ, ಅದರಲ್ಲಿ ಸತ್ಯವಿಲ್ಲದಿಲ್ಲ. ಆದರೆ ಐದು ದಿನಗಳ ಆ ವೇಗದ ಹಿಂದೆ ಆರು ವರ್ಷ ಹುಡುಗರ ಮುಂದೆ ನಿಂತು ಮಾತಾಡಿದ, ದಿನವೂ ಅವರಿಗಾಗಿ ಬರೆದ ಅಭ್ಯಾಸವಿತ್ತೆಂಬುದನ್ನು ಮರೆಯಲಾಗದು.

1947ರಲ್ಲಿ ಪಂಢರಪುರದ ವಿಠ್ಠಲ ಮಂದಿರ ದಲಿತರಿಗೆ ತೆರೆಯಬೇಕೆಂದು ಅವರು ಉಪವಾಸ ಕೈಗೊಂಡರು. 1948ರ ಆಗಸ್ಟ್ 15ರಂದು ‘ಸಾಧನಾ’ ವಾರಪತ್ರಿಕೆಯನ್ನು ಆರಂಭಿಸಿದರು. ಒಂದು ಪ್ರಾಂತದವರು ಇನ್ನೊಂದು ಪ್ರಾಂತದ ಭಾಷೆಯನ್ನು, ಸಾಹಿತ್ಯವನ್ನು ಪ್ರೀತಿಯಿಂದ ಕಲಿಯಬೇಕೆಂಬ ‘ಆಂತರಭಾರತಿ’ ಅವರ ಕೊನೆಯ ವರ್ಷಗಳ ಕನಸು. ಎರಡು ಭಾಷೆಗಳ ನಡುವೆ ಬಾಳುವ ನಮ್ಮಂಥವರ ಮನೆಗಳಲ್ಲಿ ಅದು ಬೇರೆಯವರ ಕನಸೆನಿಸುವುದಿಲ್ಲ.

ಸ್ವಾತಂತ್ರ್ಯಾನಂತರದ ದಿನಗಳು ಅವರನ್ನು ಬಹಳ ನೋಯಿಸಿದವು. 1950ರ ಜೂನ್ 11ರಂದು, ಐವತ್ತರ ವಯಸ್ಸಿನಲ್ಲಿ, ತಮ್ಮ ಬಾಳನ್ನು ತಾವೇ ಮುಗಿಸಿಕೊಂಡರು. ಆಚಾರ್ಯ ಅತ್ರೆಯವರು ತೆರೆಗೆ ತಂದ ‘ಶ್ಯಾಮಚೀ ಆಈ’ 1954ರಲ್ಲಿ ಮೊದಲ ರಾಷ್ಟ್ರೀಯ ಚಲನಚಿತ್ರ ಪ್ರಶಸ್ತಿಗಳಲ್ಲಿ ರಾಷ್ಟ್ರಪತಿಗಳ ಸ್ವರ್ಣಪದಕ ಪಡೆಯಿತು. ‘ಸಾಧನಾ’ ಪುಣೆಯಿಂದ ಇಂದಿಗೂ ಹೊರಬರುತ್ತಿದೆ.