ಮಧುರಚೆನ್ನರ ಕಾಳರಾತ್ರಿ

ಜತ್ತ ತಾಲ್ಲೂಕಿನ ಬಿಳೂರಿನಂತಹ ಗಡಿಗ್ರಾಮಗಳಿಂದ ಬಂದು ಕನ್ನಡವನ್ನು ಐಚ್ಛಿಕವಾಗಿ ಆರಿಸಿಕೊಂಡ ವಿದ್ಯಾರ್ಥಿಗೆ ತನ್ನ ಮನೆಮಾತು ಗ್ರಂಥಭಾಷೆಯ ಎದುರು ಒರಟೆಂಬ ಅಳುಕು ಇರುವುದುಂಟು. ನೆರೆಯ ವಿಜಯಪುರ ಜಿಲ್ಲೆಯ ಹಲಸಂಗಿಯ ಮಧುರಚೆನ್ನರ ಬದುಕನ್ನು ಅಂತಹವರು ಅವಶ್ಯ ತಿಳಿಯಬೇಕು.

1903ರಲ್ಲಿ ಜನಿಸಿದ ಇವರ ಹೆಸರು ಚೆನ್ನಮಲ್ಲಪ್ಪ ಗಲಗಲಿ. ಶಾಲೆಯ ಓದು ಮುಲ್ಕಿ ಪರೀಕ್ಷೆಗೆ ಮುಗಿಯಿತು. ಇಂಗ್ಲಿಷನ್ನು ಸ್ವಪ್ರಯತ್ನದಿಂದ ಕಲಿತರು. ಕಾಲೇಜಿನ ಮೆಟ್ಟಿಲು ಹತ್ತದ ಕೊರತೆಯನ್ನು ನೆಪವಾಗಿಸಿಕೊಳ್ಳದೆ ಹಳ್ಳಿಯಲ್ಲಿಯೇ ನೆಲೆಸಿ, ಸಿಂಪಿ ಲಿಂಗಣ್ಣ, ಕಾಪಸೆ ರೇವಪ್ಪ, ಧೂಲಾಸಾಹೇಬ ಮೊದಲಾದವರೊಡನೆ ಹಲಸಂಗಿ ಗೆಳೆಯರ ಬಳಗವಾಗಿ ಬೆಳೆದರು. ಬೀಸುವ ಕಲ್ಲಿನ ಮುಂದೆ ಹೆಣ್ಣುಮಕ್ಕಳು ಹಾಡುತ್ತಿದ್ದ ತ್ರಿಪದಿಗಳನ್ನು ಈ ಗೆಳೆಯರು ಕಿವಿಗೊಟ್ಟು ಕೇಳಿ ಬರೆದುಕೊಂಡರು. 1931ರಲ್ಲಿ ‘ಗರತಿಯ ಹಾಡು’ ಪ್ರಕಟವಾಯಿತು. ಓದುಬಲ್ಲವರು ಕಡೆಗಣಿಸಿದ್ದ ನುಡಿಗೆ ಅಚ್ಚಿನ ಮನ್ನಣೆ ದೊರೆಯಿತು.

ಆದರೆ ಚೆನ್ನಮಲ್ಲಪ್ಪನವರಿಗೆ ತಮ್ಮ ನುಡಿಯನ್ನು ಒಪ್ಪಿಕೊಂಡಷ್ಟು ಸುಲಭವಾಗಿ ತಮ್ಮ ಅಂತರಂಗವನ್ನು ಒಪ್ಪಿಕೊಳ್ಳಲಾಗಲಿಲ್ಲ. ಭಕ್ತಿಯ ವಾತಾವರಣದಲ್ಲಿ ಬೆಳೆದ ಅವರನ್ನು ದೇವರಿದ್ದಾನೆಯೇ ಎಂಬ ಸಂಶಯ ಹಿಡಿಯಿತು. ಊರಿನವರ ನಡುವೆ ನಂಬಿದವನಂತೆ ನಡೆದುಕೊಂಡಿದ್ದರೆ ಯಾರೂ ಪ್ರಶ್ನಿಸುತ್ತಿರಲಿಲ್ಲ; ಆ ಸೋಗು ಅವರಿಗೆ ಸಹ್ಯವಾಗಲಿಲ್ಲ. ‘ಪೂರ್ವರಂಗ’, ‘ಕಾಳರಾತ್ರಿ’, ‘ಬೆಳಗು’ ಎಂಬ ಆತ್ಮವೃತ್ತಾಂತಗಳಲ್ಲಿ ತಮ್ಮ ಹುಡುಕಾಟವನ್ನೂ ತೊಳಲಾಟವನ್ನೂ ಬರೆದಿಟ್ಟರು. ಸಾಧಕರು ಸಾಮಾನ್ಯವಾಗಿ ಬೆಳಕು ಕಂಡುದನ್ನು ಹೇಳಿ ಕತ್ತಲೆಯನ್ನು ಎರಡು ಮಾತಿನಲ್ಲಿ ಮುಗಿಸುತ್ತಾರೆ. ಇವರು ಕತ್ತಲೆಗೇ ಒಂದು ಪುಸ್ತಕವನ್ನು ಮೀಸಲಿಟ್ಟರು. ಕನ್ನಡದ ಆತ್ಮಕಥನಗಳಲ್ಲಿ ಇಷ್ಟು ನಿರ್ದಾಕ್ಷಿಣ್ಯವಾಗಿ ತನ್ನನ್ನು ತಾನು ನೋಡಿಕೊಂಡ ಬರಹಗಳು ವಿರಳವೆಂದೇ ನನ್ನ ಭಾವನೆ.

ಮುಂದೆ ಶ್ರೀ ಅರವಿಂದರ ದರ್ಶನದಲ್ಲಿ ಅವರಿಗೆ ನೆಲೆ ಸಿಕ್ಕಿತು, ಪಾಂಡಿಚೇರಿಗೂ ಹೋಗಿಬಂದರು. ಆದರೂ ಬರೆವಣಿಗೆಯಲ್ಲಿ ಹಲಸಂಗಿಯ ಮಣ್ಣು ಉಳಿಯಿತು. ‘ನನ್ನ ನಲ್ಲ’ ಕಾವ್ಯದಲ್ಲಿ ಪರತತ್ತ್ವವನ್ನು ನಲ್ಲನೆಂದು ಹಂಬಲಿಸುವ ಜೀವವು ಆಡುವುದು ಉತ್ತರ ಕರ್ನಾಟಕದ ಹೆಣ್ಣುಮಕ್ಕಳ ಮಾತಿನ ಧಾಟಿಯನ್ನೇ. ಹಾಡು ಸಂಗ್ರಹಿಸಿದವನ ಕಿವಿಯೂ ಸಂಶಯದಲ್ಲಿ ಬೆಂದವನ ಮನಸ್ಸೂ ಅಲ್ಲಿ ಒಂದಾಗಿವೆ.

1953ರ ಆಗಸ್ಟ್ 15ರಂದು, ಅರವಿಂದರ ಜನ್ಮದಿನದಂದೇ, ಅವರು ತೀರಿಕೊಂಡರು. ಐವತ್ತು ವರ್ಷ ಆಗಷ್ಟೇ ತುಂಬಿತ್ತು. ಅವರ ಗದ್ಯವನ್ನು ಓದಲು ಹೊರಡುವವರು ‘ಬೆಳಗು’ ಕೃತಿಗೆ ನೇರವಾಗಿ ಕೈಹಾಕದೆ ‘ಕಾಳರಾತ್ರಿ’ಯನ್ನು ಮುಗಿಸಿಕೊಂಡೇ ಅಲ್ಲಿಗೆ ಬರುವುದು ಲೇಸು.